ಕತ್ತರಿ ಬಿದ್ದ ಮೇಲೆ ಮಾತಿಲ್ಲ

ಕಮರ್ಷಿಯಲ್ ಸ್ಟ್ರೀಟಿನಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರಲ್ಲಿ, ಇಬ್ಬರು ಎದುರಾದರೆ ಒಬ್ಬರು ಉಸಿರು ಬಿಗಿಹಿಡಿಯಬೇಕಾದಷ್ಟು ಅಗಲದ ಮ್ಯಾಚಿಂಗ್ ಸೆಂಟರಿನಲ್ಲಿ ಲಕ್ಷ್ಮಿಕಾಂತ ಬಟ್ಟೆ ಕತ್ತರಿಸುತ್ತಾನೆ. ಹೆಂಗಸರು ಸೀರೆ ತರುತ್ತಾರೆ; ಅದಕ್ಕೆ ಒಪ್ಪುವ ರವಿಕೆ ಬಟ್ಟೆ, ಲೈನಿಂಗು, ಫಾಲು ಇವನು ಹುಡುಕಿ ಕೊಡಬೇಕು. ಹಸಿರಿನಲ್ಲೇ ಮೂವತ್ತೆಂಟು ಹಸಿರು ಅವನಿಗೆ ಗೊತ್ತು. ಮೆಂತ್ಯದ ಹಸಿರಿಗೂ ಕೊತ್ತಂಬರಿಯ ಹಸಿರಿಗೂ ಇರುವ ಅಂತರವನ್ನು ಟ್ಯೂಬ್‌ಲೈಟಿನ ಬೆಳಕಿನಲ್ಲೂ ಹೇಳಬಲ್ಲ. ಇಷ್ಟು ಸೂಕ್ಷ್ಮ ಕಣ್ಣಿರುವವನಿಗೆ ‘ಫ್ರೀ’ ಎಂಬ ಪದದ ಪಕ್ಕದಲ್ಲಿದ್ದ ಸಣ್ಣ ನಕ್ಷತ್ರ ಹೇಗೆ ಕಾಣಿಸಲಿಲ್ಲ ಎಂಬುದು ಅವನಿಗೇ ಇವತ್ತಿಗೂ ಆಶ್ಚರ್ಯ.

ಒಂಬತ್ತು ವರ್ಷದ ಹಿಂದೆ ಸುರಪುರದ ಕಡೆಯಿಂದ ಬಂದಾಗ ಅವನಿಗೆ ಕತ್ತರಿ ಹಿಡಿಯಲು ಕಲಿಸಿದವನು ಹಿರಿಯ ಕಟ್ಟರ್ ಅಜ್ಮತ್ ಭಾಯ್. ಶಿವಾಜಿನಗರದ ಮನುಷ್ಯ, ಕನ್ನಡ, ದಖನಿ, ತಮಿಳು ಮೂರನ್ನೂ ಒಂದೇ ಬಟ್ಟೆಯ ಥಾನಿನಂತೆ ಬಿಚ್ಚುವವನು. ಮೊದಲ ದಿನ ಹೇಳಿಕೊಟ್ಟ ಪಾಠ ಒಂದೇ: “ನೋಡು ಮಿಯಾ, ಕತ್ತರಿ ಬೀಳೋವರೆಗೂ ಗಿರಾಕಿ ರಾಣಿ. ಹತ್ತು ಥಾನು ಬಿಚ್ಚು, ಇಪ್ಪತ್ತು ಬಿಚ್ಚು, ಮುಖ ಮುರೀಬೇಡ. ಒಂದ್ ಸಲ ಕೈಂಚಿ ಚಲೀ, ಬಾತ್ ಖತಂ. ಆಮೇಲೆ ವಾಪಸ್ಸೂ ಇಲ್ಲ, ಮಾತೂ ಇಲ್ಲ.”

ಆ ಮಾತಿಗೆ ಅಜ್ಮತ್ ಒಂದು ಪುಸ್ತಕವನ್ನೂ ಇಟ್ಟಿದ್ದ. ಯಾವಳೋ ಗಿರಾಕಿ ಹನ್ನೆರಡು ಮೀಟರ್ ಸ್ಯಾಟಿನ್ ಕತ್ತರಿಸಿಕೊಂಡು ಹೋಗಿ, ಮರುದಿನ ಬಂದು “ನಾನು ಕೇಳಿದ್ದು ಈ ಬಣ್ಣ ಅಲ್ಲ” ಎಂದು ರಂಪ ಮಾಡಿದ ಮೇಲೆ ಹುಟ್ಟಿದ ಪುಸ್ತಕ ಅದು. ದೊಡ್ಡ ತುಂಡು ಕತ್ತರಿಸುವಾಗಲೆಲ್ಲ ಅಂಚಿನಿಂದ ಬೆರಳಗಲದ ಚೂರು ತೆಗೆದು ಪುಟಕ್ಕೆ ಸ್ಟೇಪಲ್ ಹೊಡೆದು, ಪಕ್ಕದಲ್ಲಿ ತಾರೀಖು, ಅಳತೆ ಬರೆದು, ಗಿರಾಕಿಯ ಸಹಿ ಹಾಕಿಸಬೇಕು. ಅದನ್ನು ಎಲ್ಲರೂ ‘ತುಂಡು ಬುಕ್ಕು’ ಎನ್ನುತ್ತಿದ್ದರು. ಲಕ್ಷ್ಮಿಕಾಂತ ಆ ಪುಸ್ತಕವನ್ನು ಎಷ್ಟು ನಂಬಿದ್ದನೆಂದರೆ, ಲೋಕವೆಲ್ಲ ಅದೇ ಪುಸ್ತಕದ ಪ್ರಕಾರ ನಡೆಯುತ್ತದೆ ಎಂದುಕೊಂಡಿದ್ದ. ಬ್ಯಾಂಕು ಸಹಿತ.

ಕಾರ್ಡು ಬಂದದ್ದು ಮೂರು ವರ್ಷದ ಹಿಂದೆ. ಟೈ ಕಟ್ಟಿದ ಒಬ್ಬ ಏಜೆಂಟ್ ಗಲ್ಲಿಯ ಅಂಗಡಿಗಳಿಗೆಲ್ಲ ಸುತ್ತುತ್ತಾ ಇವನ ಮುಂದೆ ನಿಂತು, “ಸರ್, ನಿಮ್ಮಂಥೋರಿಗೇ ಈ ಆಫರ್ ಇರೋದು ಸರ್. ಲೈಫ್‌ಟೈಮ್ ಫ್ರೀ ಸರ್” ಎಂದ. ಬೆಳಗಿನಿಂದ ಸಂಜೆಯವರೆಗೆ ‘ಮೇಡಂ, ಮೇಡಂ’ ಎಂದು ಗಂಟಲು ಒಣಗಿಸಿಕೊಳ್ಳುವವನಿಗೆ ಒಂದೇ ಉಸಿರಿನಲ್ಲಿ ಮೂರು ‘ಸರ್’ ಸಿಕ್ಕಿದ್ದವು. ಬಡ್ಡಿ ಎಷ್ಟು, ಶುಲ್ಕ ಎಷ್ಟು ಎಂದು ಅವನು ಕೇಳಲಿಲ್ಲ. ಸರ್ ಆದವರು ಅಂಥದ್ದನ್ನೆಲ್ಲ ಕೇಳುವುದಿಲ್ಲ ಎಂದು ಯಾಕೋ ಅನ್ನಿಸಿತು. ಪರಿಚಯದವರ ಎರಡು ನಂಬರು ಬೇಕೆಂದಾಗ ಅಜ್ಮತ್ ಭಾಯ್‌ದೊಂದು, ಕೆ.ಆರ್. ಪುರದಲ್ಲಿ ತಾನು ಬಾಡಿಗೆಗಿರುವ ಮನೆಯ ಒಡತಿ ಆಂಜನಮ್ಮನದೊಂದು ಕೊಟ್ಟ.

ಆ ಕಾರ್ಡನ್ನು ಅವನು ಬಳಸಿದ್ದು ಒಂದೇ ಸಲ. ಗಂಗಾಳ ಜೊತೆ ಮದುವೆ ಗೊತ್ತಾಗಿತ್ತು. ಮಾತಾಡಲು ಅವಳ ಹತ್ತಿರ ಫೋನಿರಲಿಲ್ಲ. ಎಂಟು ಸಾವಿರದ ಫೋನು ಕೊಡಿಸಿದ. ಬಿಲ್ಲು ಬಂದ ವಾರವೇ ಪೂರ್ತಿ ಕಟ್ಟಿದ. ಕಟ್ಟಿದ ಮೇಲೂ ಜೇಬಿನಲ್ಲಿ ಕಾರ್ಡಿದ್ದರೆ ಇರುವೆ ಹೊಕ್ಕಂತೆ ಆಗುತ್ತಿತ್ತು. ಮುಂದಿನ ತಿಂಗಳು ಅದೇ ಏಜೆಂಟ್ ಅಂಗಡಿಗೆ ಬಂದಾಗ, “ಇದು ಬೇಡ ರೀ, ಕ್ಲೋಸ್ ಮಾಡಿಬಿಡಿ” ಎಂದ.

ಏಜೆಂಟನಿಗೆ ಆಗಲೇ ಅವಸರ. “ಕಟ್ ಮಾಡಿ ಬಿಸಾಕಿ ಸರ್. ಮುಗೀತು.”

ಕತ್ತರಿ ಹಿಡಿದವನಿಗೆ ‘ಕಟ್ ಮಾಡಿ, ಮುಗೀತು’ ಎಂದರೆ ಅದಕ್ಕಿಂತ ಪವಿತ್ರವಾದ ಮಾತು ಇನ್ನೊಂದಿಲ್ಲ. ಲಕ್ಷ್ಮಿಕಾಂತ ಹನ್ನೊಂದು ಇಂಚಿನ ಕತ್ತರಿ ಎತ್ತಿ ಕಾರ್ಡನ್ನು ನಡುವೆ ಕತ್ತರಿಸಿದ. ಅಭ್ಯಾಸಬಲ, ಕೈ ತಾನಾಗಿ ತುಂಡು ಬುಕ್ಕಿನ ಕಡೆ ಹೋಯಿತು. ನಂಬರಿನ ಕೊನೆಯ ನಾಲ್ಕಂಕಿ ಇದ್ದ ಅರ್ಧವನ್ನು ಸ್ಟೇಪಲ್ ಹೊಡೆದು ತಾರೀಖು ಹಾಕಿ, ‘ಕಾರ್ಡ್ ಒಂದು. ಕ್ಲೋಸ್ ಮಾಡಲು ಕೊಟ್ಟಿದೆ, ಕತ್ತರಿಸಿದೆ’ ಎಂದು ಬರೆದು, “ಇಲ್ಲೊಂದು ಸಹಿ ಹಾಕ್ರಿ” ಎಂದ. ಏಜೆಂಟ್ ನಕ್ಕು ಸಹಿ ಹಾಕಿದ. ಅಜ್ಮತ್ ಭಾಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. “ಕ್ಯಾ ಮಿಯಾ, ನಾಳೆ ನಿನ್ನ ಶಾದಿ ಕಾರ್ಡೂ ಇದ್ರಲ್ಲೇ ಹೊಡೀತೀಯಾ?”

ಅಲ್ಲಿಗೆ ಲಕ್ಷ್ಮಿಕಾಂತನ ಪಾಲಿಗೆ ಆ ಕಾರ್ಡು ಸತ್ತಿತ್ತು. ಆಮೇಲೆ ಮದುವೆಯಾಯಿತು. ಸಿಮ್ ಬದಲಾಯಿತು. ಕಾರ್ಡು ಮಾತ್ರ, ಸತ್ತದ್ದು ತನಗೆ ಯಾರೂ ಹೇಳಿಲ್ಲವೆಂಬಂತೆ, ಎಲ್ಲೋ ಕಂಪ್ಯೂಟರಿನೊಳಗೆ ಕೂತು ಬೆಳೆಯುತ್ತಿತ್ತು.

*

ಅದು ಗೊತ್ತಾದದ್ದು ಈ ವರ್ಷ ಆಷಾಢದ ಶುರುವಿನಲ್ಲಿ, ಶಿವಾಜಿನಗರದ ಹೊಲಿಗೆ ಯಂತ್ರದ ಅಂಗಡಿಯೊಂದರಲ್ಲಿ.

ಗಂಗಾ ಎರಡು ವರ್ಷದಿಂದ ಬೇರೆಯವರ ಅಂಗಡಿಯಲ್ಲಿ, ಬೇರೆಯವರ ಯಂತ್ರದಲ್ಲಿ, ಸೀರೆಗಿಷ್ಟು ಎಂದು ಫಾಲು-ಪೀಕೋ ಮಾಡುತ್ತಿದ್ದಳು. ಆಂಜನಮ್ಮನ ಮನೆಯ ಮೆಟ್ಟಿಲ ಕೆಳಗೆ ಒಂದು ಕಾಲದಲ್ಲಿ ಹಸು ಕಟ್ಟುತ್ತಿದ್ದ ಜಾಗಕ್ಕೆ ಈಗ ಷಟರ್ ಹಾಕಿಸಿದ್ದರು. ಆಂಜನಮ್ಮ ಅದನ್ನು ಗಂಗಾಗೆ ಕಡಿಮೆ ಬಾಡಿಗೆಗೆ ಕೊಡುವೆನೆಂದಿದ್ದಳು. ಆದರೆ ಅವಳ ಗಂಡ ಮುನಿಆಂಜನಪ್ಪನಿಗೆ ಕೋಳಿ ಅಂಗಡಿಯವನೊಬ್ಬ ಎರಡರಷ್ಟು ಹೇಳಿದ್ದ. ಗಂಡ ಹೆಂಡತಿ ಜಗಳವಾಡಿ ಒಂದು ಗಡುವಿಗೆ ಬಂದಿದ್ದರು.

“ಗೌರಿ ಹಬ್ಬದ ದಿನ ನೀನು ಅಂಗ್ಡಿ ತೆಗೆದ್ರೆ ನಿಂದು ಕಣಮ್ಮಿ” ಎಂದಿದ್ದಳು ಆಂಜನಮ್ಮ. “ತೆಗೀಲಿಲ್ಲ ಅಂದ್ರೆ ನಮ್ಮನೆಯೋರು ಕೋಳಿಯೋನಿಗೆ ಕೊಟ್ಬುಡ್ತಾರೆ. ಆಮೇಕೆ ನನ್ನ ಬೈಕಬೇಡ.”

ಬೇಕಾದದ್ದು ನಲವತ್ತು ಸಾವಿರದ ಯಂತ್ರ. ಕಂತಿನ ಸಾಲ ಬರೆಯುವ ಹುಡುಗಿ ಲ್ಯಾಪ್‌ಟಾಪಿನಲ್ಲಿ ಲಕ್ಷ್ಮಿಕಾಂತನ ಹೆಸರು ಕುಟ್ಟಿ, ತುಟಿ ಕಚ್ಚಿ, ಪರದೆಯನ್ನು ಇವರ ಕಡೆ ತಿರುಗಿಸಿದಳು. “ಸಾರಿ ಸರ್. ನಿಮ್ಮ ಹೆಸರಲ್ಲಿ ಒಂದು ಕ್ರೆಡಿಟ್ ಕಾರ್ಡ್ ಓವರ್‌ಡ್ಯೂ ತೋರಿಸ್ತಿದೆ. ಹದಿನೆಂಟು ಸಾವಿರದ ಮುನ್ನೂರು. ಲೋನ್ ಪಾಸಾಗಲ್ಲ.”

ಈ ಸಲದ ‘ಸರ್’ ಅವನಿಗೆ ಅಷ್ಟು ಹಿತವಾಗಲಿಲ್ಲ.

ಗಂಗಾ ಪರದೆ ನೋಡಿದಳು, ಗಂಡನನ್ನು ನೋಡಿದಳು. “ನಿಮ್ಮ ಹೆಸರ್ಲೆ ಕಾರ್ಡ್ ಅದ ಏನ್ರಿ?”

ಪ್ರಾಮಾಣಿಕತೆ ತೋರಿಸಲು ಒಳ್ಳೆಯ ಸಮಯ. ಲಕ್ಷ್ಮಿಕಾಂತ ಅಷ್ಟೇ ವೇಗವಾಗಿ ಇನ್ನೊಂದು ದಾರಿ ಹಿಡಿದ. “ಏ, ಬ್ಯಾರೆ ಯಾರೋ ಲಕ್ಷ್ಮಿಕಾಂತ ಇರಬೇಕು ಬಿಡು. ಬೆಂಗಳೂರಾಗ ಎಷ್ಟ್ ಮಂದಿ ಲಕ್ಷ್ಮಿಕಾಂತ ಇದ್ದಾರು.”

“ಎಲ್ಲಾರ ಅಪ್ಪನ ಹೆಸರೂ ನಿಂಗಣ್ಣನೇ ಏನು?”

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ನೋಡುತ್ತಾ ಬಂದಳು. ಹಲಸೂರು ದಾಟಿತು, ಇಂದಿರಾನಗರ ದಾಟಿತು, ಹಳೆ ಮದ್ರಾಸ್ ರಸ್ತೆಯ ಉದ್ದಕ್ಕೂ ಲಕ್ಷ್ಮಿಕಾಂತ ಮೂರು ಸುಳ್ಳು ಹೊಲಿದು ಮೂರನ್ನೂ ಬಿಚ್ಚಿದ. ಕಾರ್ಡಿತ್ತು ಎಂದರೆ, ಅವಳಿಗೆ ಕೊಟ್ಟ ಮೊದಲ ಉಡುಗೊರೆ ಸಾಲದ್ದೆಂದು ಹೇಳಿದಂತಾಗುತ್ತಿತ್ತು. ಮದುವೆಗೆ ಮುಂಚೆ ಅವಳ ಮುಂದೆ, “ಒಂದೇ ಏಟಿಗೆ ರೊಕ್ಕ ಕೊಟ್ಟು ತಂದೀನಿ” ಎಂದು ಮೀಸೆ ತಿರುವಿದ್ದ. ಆಗ ಮೀಸೆಯೂ ಸರಿಯಾಗಿ ಬಂದಿರಲಿಲ್ಲ.

*

ಮರುದಿನ ರಜೆ. ಆಂಜನಮ್ಮ ಜಗಲಿಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅವಳ ಮನೆಯವರು ಒಂದು ಕಾಲಕ್ಕೆ ಈಗ ಮೆಟ್ರೋ ಕಂಬಗಳು ನಿಂತಿರುವಲ್ಲಿ ಸೊಪ್ಪು ಬೆಳೆಯುತ್ತಿದ್ದವರು. ಈಗ ಐದು ಬಾಡಿಗೆ ಮನೆಗಳಿದ್ದರೂ ಬೇರೆಯವರು ಬಿಡಿಸಿದ ಸೊಪ್ಪು ಅವಳಿಗೆ ಸೇರುವುದಿಲ್ಲ. ಲಕ್ಷ್ಮಿಕಾಂತ ನೀರಿನ ಮೋಟಾರು ಹಾಕಲು ಇಳಿದಾಗ ಕರೆದಳು.

“ಬಾರಪ್ಪಾ ಇಲ್ಲಿ. ಕುಂತ್ಕ. ಯಾಕೆ ಮಕ ಹಿಂಗ್ ಮಾಡ್ಕಂಡಿದ್ದೀಯ? ಆ ಕಾರ್ಡಿನ ಇಸ್ಯವಾ?”

ಲಕ್ಷ್ಮಿಕಾಂತ ನಿಂತಲ್ಲೇ ಕೂತ. ಅಂದರೆ, ಸೊಪ್ಪಿನ ಮೇಲೆ ಕೂತ.

“ಏಯ್, ಏಳು, ಏಳು! ಪಲ್ಯ ಮಾಡ್ಬುಟ್ಟೆಯಲ್ಲೋ!” ಆಂಜನಮ್ಮ ಸೊಪ್ಪನ್ನು ಎಳೆದುಕೊಂಡಳು. “ನಾಕು ತಿಂಗ್ಳಿಂದ ಒಂದು ಹುಡ್ಗಿ ಫೋನ್ ಮಾಡ್ತಾ ಅವ್ಳೆ. ಕಾವೇರಿ ಅಂತ. ಮದ್ಯಾನ ಎಲ್ಡು ಗಂಟೆಗೆ. ಲಕ್ಷ್ಮಿಕಾಂತ ಅವ್ರಾ ಅಂತಾಳೆ. ಡ್ಯೂಟಿಗೋಗವ್ನೆ ಅಂತೀನಿ. ಆಮೇಕೆ ಊಟ ಆಯ್ತಾ ಅಂತೀನಿ. ನಮ್ಮನೇಗೆ ಬಂದೋರ್ನ ಊಟ ಆಯ್ತಾ ಅನ್ನದೆ ಕಳ್ಸಿದ್ದೇ ಇಲ್ಲ, ಫೋನಾಗ್ ಬಂದ್ರೇನು?”

“ಅವಳು ಬೈಯಲಿಲ್ವಾ ನಿಮ್ಗೆ?”

“ಮೊದ್ಲು ಎಲ್ಡು ದಿನ ಗಟ್ಟಿಯಾಗಿ ಮಾತಾಡಿದ್ಲು. ಮೂರ್ನೇ ದಿನ ಅಜ್ಜೀ ಅಂದ್ಲು. ಪಾಪ, ಕಮ್ಮನಹಳ್ಳಿ ಪೀಜೀಲಿ ಅವ್ಳೆ. ಅನ್ನ ಬೆಂದಿರಕಿಲ್ವಂತೆ.”

ಲಕ್ಷ್ಮಿಕಾಂತ ಬಟ್ಟೆಗಂಟಿದ ಸೊಪ್ಪು ಕೊಡವಿಕೊಂಡ. “ನಾಲ್ಕು ತಿಂಗಳಿಂದ ಗೊತ್ತಿದ್ದೂ ನಂಗೆ ಯಾಕೆ ಹೇಳ್ಲಿಲ್ಲ, ಅಮ್ಮಾ?”

ಆಂಜನಮ್ಮ ಒಂದು ದಂಟು ಮುರಿದು, ನಾರು ಎಳೆದು, ನಿಧಾನವಾಗಿ ಹೇಳಿದಳು. “ಹೇಳಿದ್ರೆ ನೀನು ನನ್ ಮಕ ನೋಡ್ದೆ ಓಡಾಡ್ತಿದ್ದೆ. ಬಾಡ್ಗೆ ಹೆಂಡ್ತಿ ಕೈಲಿ ಕಳಿಸ್ತಿದ್ದೆ. ನಮ್ಮನೆಯೋರೂ ಅಂಗೇಯ; ಸೊಸೈಟಿಯೋರು ಬಂದ್ರೆ ಹುಲ್ಲಿನ ಬಣವೆ ಹಿಂದೆ ಕೂತ್ಕಳೋರು. ಸಾಲ ತೀರಿ ಆರು ತಿಂಗ್ಳಾದ್ರೂ ಜೀಪ್ ಸದ್ದು ಕೇಳಿದ್ರೆ ಬಣವೆ ಹಿಂದೆ. ಗಂಡಸ್ರು ಬಚ್ಚಿಟ್ಕಳೋದು ಕಲ್ತುಬುಟ್ರೆ ಬಿಡ್ಸೋದು ಕಷ್ಟ ಕಣಪ್ಪಾ.”

ಎರಡು ಗಂಟೆಗೆ ಫೋನು ಬಂತು. ಆಂಜನಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಇವನ ಕೈಗೆ ಕೊಟ್ಟಳು.

“ಅಜ್ಜೀ, ಊಟ ಆಯ್ತಾ?” ಎಂದಿತು ಫೋನು.

“ನಾನು… ಲಕ್ಷ್ಮಿಕಾಂತ.”

ಆ ಕಡೆ ಕುರ್ಚಿ ಸರಿದ ಸದ್ದು, ಬೇರೆಯೇ ಒಂದು ಧ್ವನಿ. “ಸರ್, ನಾನು ಕಾರ್ಡ್ ಡಿಪಾರ್ಟ್‌ಮೆಂಟಿಂದ ಮಾತಾಡ್ತಿರೋದು. ನಿಮ್ಮ ಔಟ್‌ಸ್ಟ್ಯಾಂಡಿಂಗ್ ಹದಿನೆಂಟು ಸಾವಿರದ ಮುನ್ನೂರ ನಲವತ್ತು.”

“ನಾನು ಎಲ್ಲಾ ಕಟ್ಟಿದೀನಿ ಮೇಡಂ. ಕಾರ್ಡ್ ಕಟ್ ಮಾಡಿದೀನಿ.”

“ಕಟ್ ಮಾಡಿದ್ರೆ ಪ್ಲಾಸ್ಟಿಕ್ ಕಟ್ ಆಗತ್ತೆ ಸರ್. ಅಕೌಂಟ್ ಅಲ್ಲ. ಎರಡ್ನೇ ವರ್ಷದ ಆ್ಯನುಯಲ್ ಫೀ ಬಿದ್ದಿದೆ. ಐನೂರ ತೊಂಬತ್ತು. ಅದರ ಮೇಲೆ ಲೇಟ್ ಫೀ, ಅದರ ಮೇಲೆ ಬಡ್ಡಿ…”

“ಲೈಫ್‌ಟೈಮ್ ಫ್ರೀ ಅಂದಿದ್ರಲ್ಲ?”

“ಮೊದಲ್ನೇ ವರ್ಷ ಮಾತ್ರ ಸರ್. ಫಾರ್ಮಲ್ಲಿ ಸ್ಟಾರ್ ಇತ್ತಲ್ಲ.” ಅವಳ ಧ್ವನಿ ಸ್ವಲ್ಪ ಇಳಿಯಿತು. “ಏಳು ಸಾವಿರಕ್ಕೆ ಸೆಟಲ್‌ಮೆಂಟ್ ಕೊಡ್ತೀನಿ. ಇವತ್ತೇ ಹೇಳ್ಬೇಕು.”

ಐನೂರ ತೊಂಬತ್ತು ರೂಪಾಯಿಯ ಮರಿ ಹದಿನೆಂಟು ಸಾವಿರದ ಕೋಣವಾಗಿ ಬೆಳೆದ ಬಗೆ ಕೇಳಿ ಲಕ್ಷ್ಮಿಕಾಂತನಿಗೆ ಭಯದ ನಡುವೆಯೂ ಒಂದು ಬಗೆಯ ಗೌರವ ಹುಟ್ಟಿತು. ತನ್ನ ಸಂಬಳ ಒಂಬತ್ತು ವರ್ಷ ಮೇವು ತಿಂದರೂ ಹೀಗೆ ಬೆಳೆದಿರಲಿಲ್ಲ. ಏಳು ಸಾವಿರ ಬಿಸಾಕಿ ಮುಗಿಸಿಬಿಡಲೇ ಎನ್ನಿಸಿತು. ಆಂಜನಮ್ಮ ಆಗಲೇ ಸನ್ನೆ ಮಾಡುತ್ತಿದ್ದಳು: ನಾನು ಕೊಡ್ತೀನಿ, ಚೀಟಿ ದುಡ್ಡೈತೆ, ಹೂಂ ಅನ್ನು.

ಅವನು ಹೂಂ ಅನ್ನಲಿಲ್ಲ. ಧೈರ್ಯದಿಂದಲ್ಲ. ಹೂಂ ಅನ್ನುವ ಮುಂಚೆ ಹೆಂಡತಿಗೆ ನಿಜ ಹೇಳಬೇಕಾಗುತ್ತದಲ್ಲ ಎಂಬುದು ಹೊಳೆದು, “ಆಮೇಲೆ ಹೇಳ್ತೀನಿ” ಎಂದ.

*

ಗಂಗಾ ರೊಟ್ಟಿ ಬಡಿಯುತ್ತಿದ್ದಳು. ಲಕ್ಷ್ಮಿಕಾಂತ ಬಾಗಿಲಲ್ಲೇ ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವವನಂತೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿದ. ಮೂರು ‘ಸರ್’, ಫೋನು, ಕತ್ತರಿ, ತುಂಡು ಬುಕ್ಕು, ಆಂಜನಮ್ಮ, ಏಳು ಸಾವಿರ. ರೊಟ್ಟಿ ಬಡಿಯುವ ಸದ್ದು ನಿಂತಿತು.

“ಈ ಫೋನ್ ಆ ಕಾರ್ಡಿನಾಗ ತಂದಿದ್ದಾ?”

“ಹೂಂ.”

“ಒಂದೇ ಏಟಿಗೆ ರೊಕ್ಕ ಕೊಟ್ಟೀನಿ ಅಂದಿದ್ರಿ.”

“ಹೂಂ.”

ಅವಳು ಹಿಟ್ಟಿನ ಕೈಯಿಂದ ಕೂದಲು ಹಿಂದಕ್ಕೆ ತಳ್ಳಿಕೊಂಡಳು; ಹಣೆಗೆ ಹಿಟ್ಟು ಮೆತ್ತಿತು. “ನಾ ಆಗ್ಲೇ ಅಂದ್ಕೊಂಡಿದ್ದೆ. ನಿಮ್ಮ ಅಂಗಿ ಕಾಲರ್ ಹರಿದಿತ್ತು. ಎಂಟು ಸಾವಿರ ಇದ್ದಾವ ಮೊದ್ಲು ಅಂಗಿ ತರ್ತಿದ್ದ.”

ಲಕ್ಷ್ಮಿಕಾಂತನಿಗೆ ಅತ್ತುಬಿಡಬೇಕೋ ನಗಬೇಕೋ ತಿಳಿಯಲಿಲ್ಲ. ಮೂರು ವರ್ಷ ಕಾಪಾಡಿಕೊಂಡು ಬಂದ ಗುಟ್ಟಿನ ಕಾಲರು ಮೊದಲ ದಿನವೇ ಹರಿದಿತ್ತು.

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಒಂದೊಂದು ಪ್ರಶ್ನೆಗೆ ಒಂದೊಂದು ಏಟು. “ಬಳಸಿದ್ದು ಎಷ್ಟ್ ಸಲ?” “ಒಂದ್ ಸಲ.” “ಪೂರಾ ತುಂಬೀರಿ?” “ಪೂರಾ.” “ಬ್ಯಾಡಂತ ಹೇಳೀರಿ?” “ಹೇಳೀನಿ. ಸಹಿ ಅದ.” “ಮತ್ತ ಏಳು ಸಾವಿರ ಯಾತಕ್ಕ ಕೊಡಬೇಕು? ನಾ ಒಂದು ಹುಕ್ಕು ಹೆಚ್ಚಿಗಿ ಹಚ್ಚಿದ್ರ ಎರಡು ರೂಪಾಯಿ ಬಿಡಂಗಿಲ್ಲ. ನೀವು ಕೊಡಲಾರದ್ದು ಕೊಡ್ತೀರಿ?”

“ಗೌರಿ ಹಬ್ಬದೊಳಗ ಮುಗೀಬೇಕಲ್ಲ ಗಂಗಾ. ಕೋಳಿಯಾಂವ ಕಾಯ್ಲಿಕತ್ತಾನ.”

“ಕಾಯ್ಲಿ. ಆ ಪುಸ್ತಕ ಎಲ್ಲದ ನೋಡ್ರಿ ಮೊದ್ಲು.”

ಪುಸ್ತಕ ಅಂಗಡಿಯ ಅಟ್ಟದ ಮೇಲಿತ್ತು. ಅಜ್ಮತ್ ಭಾಯ್ ಒಂದನ್ನೂ ಎಸೆದಿರಲಿಲ್ಲ. ಮಂಡಿನೋವಿನ ಮನುಷ್ಯ ತಾನೇ ಏಣಿ ಹತ್ತಿದ. “ನೀನು ಹತ್ತಬೇಡ, ನೀನು ಹತ್ತಿದ್ರೆ ನನ್ ಪುಸ್ತಕ ಬೀಳತ್ತೆ” ಎಂದು ಗದರಿದ. ಹನ್ನೊಂದು ಪುಸ್ತಕ ಇಳಿದವು. ಬಾಟಲ್ ಹಸಿರಿನ ಲೈನಿಂಗ್ ಚೂರಿಗೂ ಯಾರದೋ ಮದುವೆಯ ಅರಿಶಿನ ಬಣ್ಣದ ಸ್ಯಾಟಿನ್‌ಗೂ ನಡುವೆ ಅರ್ಧ ಕಾರ್ಡು, ತುಕ್ಕು ಹಿಡಿದ ಸ್ಟೇಪಲ್ಲಿನಲ್ಲಿ, ಇನ್ನೂ ಮಿಂಚುತ್ತಾ ಇತ್ತು. ಪಕ್ಕದಲ್ಲಿ ಏಜೆಂಟನ ಸಹಿ, ಹೆಸರು, ಬ್ಯಾಂಕಿನಲ್ಲಿ ಅವನ ನಂಬರು ಕೂಡ, ಠೀವಿಗೆ ಬರೆದಿದ್ದ.

ಅಜ್ಮತ್ ಈ ಸಲ ನಗಲಿಲ್ಲ. ಪುಟದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. “ಆವತ್ತು ನಿನ್ನ ಬೇವಕೂಫ್ ಅಂದ್ಕೊಂಡೆ ಮಿಯಾ. ಮಾಫ್ ಮಾಡು. ಅರ್ಧ ಬೇವಕೂಫ್ ಅಷ್ಟೇ.”

ದೂರು ಬರೆದವಳು ಗಂಗಾ. ಗಾಜು ಬಿರಿದ ಅದೇ ಫೋನಿನಲ್ಲಿ, ಕನ್ನಡದಲ್ಲಿ, ಒಂದೊಂದು ಅಕ್ಷರ ಒತ್ತುತ್ತಾ. ಲಕ್ಷ್ಮಿಕಾಂತ ‘ದಯವಿಟ್ಟು ಕ್ಷಮಿಸಿ’ ಎಂದು ಶುರು ಮಾಡಿದ್ದ. ಅವಳು ಅದನ್ನು ಅಳಿಸಿದಳು. ‘ಇಂಥ ತಾರೀಖು ಕಾರ್ಡು ಬೇಡವೆಂದು ನಿಮ್ಮವರಿಗೇ ಹೇಳಿ ಕತ್ತರಿಸಿದೆ. ನಿಮ್ಮವರೇ ಸಹಿ ಹಾಕಿದ್ದಾರೆ. ಆಮೇಲೆ ಹಾಕಿದ್ದೆಲ್ಲ ತೆಗೆಯಿರಿ’ ಎಂದು ಬರೆದು, ಪುಟದ ಫೋಟೋ ಲಗತ್ತಿಸಿ ಬ್ಯಾಂಕಿಗೆ ಕಳಿಸಿದಳು.

ಬ್ಯಾಂಕಿನ ಉತ್ತರ ಇಪ್ಪತ್ತೊಂಬತ್ತನೇ ದಿನ ಇಂಗ್ಲಿಷಿನಲ್ಲಿ ಬಂತು. ಸದರಿ ಏಜೆಂಟ್ ಈಗ ನಮ್ಮಲ್ಲಿಲ್ಲ. ಬಟ್ಟೆ ಅಂಗಡಿಯ ಪುಸ್ತಕವನ್ನು ಕಾರ್ಡು ಮುಚ್ಚುವ ಕೋರಿಕೆಯೆಂದು ಪರಿಗಣಿಸಲಾಗದು. ಬಾಕಿ ಈಗ ಹತ್ತೊಂಬತ್ತು ಸಾವಿರ. ಕೊನೆಯಲ್ಲಿ, ನಿಮ್ಮ ಸೇವೆಯೇ ನಮ್ಮ ಸಂತೋಷ.

ಅವತ್ತು ಎರಡು ಗಂಟೆಯ ಫೋನನ್ನು ಲಕ್ಷ್ಮಿಕಾಂತನೇ ಎತ್ತಿಕೊಂಡ. ಅಂಗಡಿಗೆ ರಜೆ ಹಾಕಿ ಕಾದಿದ್ದ. ಕಾವೇರಿಗೆ ಉತ್ತರ ಓದಿ ಹೇಳಿದ. ಅವಳು ಸ್ವಲ್ಪ ಹೊತ್ತು ಕೀಬೋರ್ಡ್ ಕುಟ್ಟುವ ಸದ್ದು ಮಾಡಿ, ಗಟ್ಟಿಯಾಗಿ, “ಓಕೆ ಸರ್, ಹಾಗಾದ್ರೆ ಪೇಮೆಂಟ್ ಯಾವಾಗ ಸರ್?” ಎಂದಳು. ಆಮೇಲೆ ಪಿಸುದನಿಯಲ್ಲಿ: “ರಿಸರ್ವ್ ಬ್ಯಾಂಕ್ ಲೋಕಪಾಲರಿಗೆ ಹಾಕಿ. ಆನ್‌ಲೈನ್ ಇದೆ, ದುಡ್ಡು ಬೇಡ. ಈ ಉತ್ತರಾನೂ ಹಾಕಿ, ಸಹಿ ಇರೋ ಪುಟಾನೂ ಹಾಕಿ. ಹಾಕಿದ್ಮೇಲೆ ಆ ನಂಬರ್ ನಂಗೆ ಹೇಳಿ, ಡಿಸ್ಪ್ಯೂಟ್ ಅಂತ ಗುರುತು ಹಾಕ್ತೀನಿ. ಅಜ್ಜಿ ನಂಬರ್ ನನ್ ಲಿಸ್ಟಿಂದ ಹೋಗತ್ತೆ. ಹೋದ್ರೆ ನಾನು ಕಾಲ್ ಮಾಡೋಕಾಗಲ್ಲ ಅಂತ ಅಜ್ಜಿಗೆ ಹೇಳಿ. ಇಲ್ಲಿಂದ ಪರ್ಸನಲ್ ಕಾಲ್ ಮಾಡಿದ್ರೆ ಕೆಲಸದಿಂದ ತೆಗೀತಾರೆ.”

ಹೇಳಿದಾಗ ಆಂಜನಮ್ಮ, “ಅಯ್ಯೋ, ಗೌರಿ ಹಬ್ಬಕ್ಕೆ ಬಾರವ್ವಾ ಅಂತ ಅಡ್ರೆಸ್ ಕೊಟ್ಟಿದ್ನಲ್ಲ” ಎಂದಳಷ್ಟೇ. ಲೋಕಪಾಲರಿಗೆ ದೂರು ಹಾಕಿ ಕಾವೇರಿಗೆ ಅದರ ನಂಬರು ತಿಳಿಸಿದ ಮರುದಿನದಿಂದ ಎರಡು ಗಂಟೆಗೆ ಆಂಜನಮ್ಮನ ಫೋನು ಸುಮ್ಮನಿತ್ತು. ಅವಳು ಒಂದೆರಡು ಸಲ ಎತ್ತಿ, ಚಾರ್ಜು ಇದೆಯೋ ಇಲ್ಲವೋ ನೋಡಿ, ಕೆಳಗಿಟ್ಟಳು.

*

ಲೋಕಪಾಲರ ಕಚೇರಿಯಿಂದ ದೂರು ತಲುಪಿದೆ ಎಂಬ ಸಂದೇಶ ಬಂತು. ತೀರ್ಮಾನ ಬರಲಿಲ್ಲ. ಶ್ರಾವಣ ಮುಗಿಯಿತು. ಭಾದ್ರಪದದ ಗೌರಿಗೆ ಮೂರು ದಿನವಿತ್ತು. ಮುನಿಆಂಜನಪ್ಪ ಕೋಳಿಯವನನ್ನು ಕರೆತಂದು ಷಟರಿನ ಅಗಲ ಅಳೆಸಿದ. ಲಕ್ಷ್ಮಿಕಾಂತ ಕೆಲಸದಿಂದ ಬಂದಾಗ ಗೋಡೆಯ ಮೇಲೆ ಸೀಮೆಸುಣ್ಣದ ಗೀಟು ಬಿದ್ದಿತ್ತು. ಅಳತೆ ಅವನ ಕಸುಬು; ಗೀಟು ಅರ್ಧ ಇಂಚು ಓರೆಯಾಗಿದೆ ಎಂದು ನೋಡಿದೊಡನೆ ತಿಳಿಯಿತು. ತಿಳಿದು ಏನು ಮಾಡುವುದು.

“ಏಳು ಸಾವಿರ ಆವತ್ತೇ ಕೊಟ್ಟಿದ್ರ ಇಷ್ಟೊತ್ತಿಗೆ ಮಷಿನ್ ಬಂದಿರ್ತಿತ್ತು” ಎಂದ ಹೆಂಡತಿಗೆ.

“ಬರ್ತಿದ್ದಿಲ್ಲ. ಸೆಟಲ್ ಅಂತ ಬರೆದ್ರೂ ಲೋನ್ ಕೊಡಂಗಿಲ್ಲಂತ. ಆ ಮಷಿನ್ ಅಂಗಡಿ ಹುಡುಗೀನೇ ಹೇಳಿದ್ಳು.” ಗಂಗಾ ಟ್ರಂಕಿನಿಂದ ಏನೋ ಹುಡುಕುತ್ತಿದ್ದಳು. “ಅಮ್ಮಾರು ಏನಂದಾರ? ಗೌರಿ ದಿನ ಅಂಗಡಿ ತೆಗೀಬೇಕು ಅಂದಾರ. ಮಷಿನ್ ಇರಬೇಕು ಅಂದಾರೇನು?”

“ಮಷಿನ್ ಇಲ್ಲದ ಏನ್ ತೆಗೀತಿ?”

ಅವಳು ಟ್ರಂಕಿನಿಂದ ಒಂದು ಡಬ್ಬಿ ತೆಗೆದಳು. ಸೂಜಿ, ದಾರದುಂಡೆ, ಬೆರಳ ಟೋಪಿ. “ಕೈಲೆ ಹಚ್ಚಿದ ಫಾಲ್ ಹೆಂಗ ಕೂಡ್ತದ ಅಂತ ನಿಮಗ ಗೊತ್ತಿಲ್ಲೇನು? ರೇಷ್ಮಿ ಸೀರಿಗೆ ಮಷಿನ್ ಬ್ಯಾಡ ಅನ್ನೋರೇ ಭಾಳ ಮಂದಿ. ಕೈ ಫಾಲ್, ಹುಕ್ಕು, ಕುಚ್ಚು. ಇಷ್ಟೇ ಅಂತ ಬೋರ್ಡ್ ಬರೀರಿ.” ಸೂಜಿಯೊಂದನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದಳು. “ಸೂಜಿಗ್ಯಾರು ಲೋನ್ ಕೇಳ್ತಾರ?”

ಒಂಬತ್ತು ವರ್ಷ ಮ್ಯಾಚಿಂಗ್ ಸೆಂಟರಿನಲ್ಲಿ ನಿಂತು, ‘ಅಣ್ಣಾ, ಕೈಯಲ್ಲಿ ಫಾಲ್ ಹಚ್ಚೋರು ಯಾರಾದ್ರೂ ಇದ್ದಾರಾ’ ಎಂದು ದಿನಕ್ಕೆ ಹತ್ತು ಹೆಂಗಸರಿಂದ ಕೇಳಿಸಿಕೊಂಡವನು ಲಕ್ಷ್ಮಿಕಾಂತ. ‘ಇಲ್ಲ ಮೇಡಂ’ ಎಂದು ದಿನಕ್ಕೆ ಹತ್ತು ಸಲ ಹೇಳಿ ಮನೆಗೆ ಬಂದು ಅವಳ ಕೈಯ ಊಟ ಮಾಡುತ್ತಿದ್ದವನೂ ಅವನೇ.

ಗೌರಿಯ ಬೆಳಿಗ್ಗೆ ಷಟರ್ ಎದ್ದಿತು. ಒಳಗೆ ಒಂದು ಚಾಪೆ, ಒಂದು ಸ್ಟೂಲು, ಅಜ್ಮತ್ ಭಾಯ್ ಕಳಿಸಿದ ಎಲ್ಲ ಬಣ್ಣದ ಫಾಲುಗಳ ಕಟ್ಟು, “ಮಾರಿದ ಮೇಲೆ ದುಡ್ಡು ಕೊಡು” ಎಂಬ ಮಾತಿನ ಸಮೇತ. ಮುನಿಆಂಜನಪ್ಪ ಬಂದು ಸುತ್ತ ನೋಡಿ, “ಮಿಸನ್ ಎಲ್ಲಮ್ಮಾ? ಇದೆಂತಾ ಅಂಗ್ಡಿ?” ಎಂದ.

ಅವನ ಹಿಂದೆಯೇ ಬಾಗಿನದ ಮೊರ ಹಿಡಿದು ಬಂದ ಆಂಜನಮ್ಮ, ಕಂಕುಳಿನಿಂದ ರೇಷ್ಮೆ ಸೀರೆಯೊಂದನ್ನು ತೆಗೆದು ಗಂಗಾಳ ಮುಂದೆ ಇಟ್ಟಳು. “ಮಿಸನ್ ನಿಮ್ ತಲೆಗ್ ಹಾಕ್ಕಳಿ. ನನ್ ಸೀರೆಗೆ ಕೈ ಫಾಲೇ ಬೇಕು. ಅಂಗ್ಡಿ ತೆಗೆದೈತೋ ಇಲ್ವೋ? ಗಿರಾಕಿ ಬಂದವ್ಳೋ ಇಲ್ವೋ?”

ಮುನಿಆಂಜನಪ್ಪ ಹೆಂಡತಿಯ ಮುಖ ನೋಡಿದ. ಐವತ್ತು ವರ್ಷದ ಸಂಸಾರದಲ್ಲಿ ಯಾವ ಜಾಗದಲ್ಲಿ ಬಾಯಿ ಮುಚ್ಚಬೇಕೆಂದು ಕಲಿತಿದ್ದ. ಗೋಡೆಯ ಸೀಮೆಸುಣ್ಣದ ಗೀಟನ್ನು ಟವೆಲಿನಿಂದ ಒರೆಸಿ ಒಳಗೆ ಹೋದ.

ಗಂಗಾ ಫಾಲನ್ನು ಸೀರೆಯ ಉದ್ದಕ್ಕೆ ಹಿಡಿದಳು. ಕತ್ತರಿ ಎತ್ತುವ ಮುಂಚೆ ಹೊಸ ನೋಟ್‌ಬುಕ್ಕೊಂದನ್ನು ಆಂಜನಮ್ಮನ ಕಡೆ ಸರಿಸಿದಳು. “ಅಮ್ಮಾರೆ, ಇಲ್ಲೊಂದು ಸಹಿ ಹಾಕ್ರಿ. ಕತ್ತರಿ ಬಿದ್ದ ಮ್ಯಾಲ ಮಾತಿಲ್ಲ.”

*

ಬ್ಯಾಂಕಿನ ಎರಡನೇ ಕಾಗದ ದೀಪಾವಳಿ ಕಳೆದ ಮೇಲೆ ಬಂತು. ಎಲ್ಲ ಶುಲ್ಕವನ್ನೂ ಬಡ್ಡಿಯನ್ನೂ ತೆಗೆದಿದೆ, ಖಾತೆ ಮುಚ್ಚಿದೆ, ಸಾಲದ ದಾಖಲೆಯನ್ನೂ ಸರಿಪಡಿಸಲಾಗುವುದು. ಇದು ಕೇವಲ ನಮ್ಮ ಸದ್ಭಾವನೆಯಿಂದ. ತಪ್ಪು ನಮ್ಮದು ಎಂದು ಎಲ್ಲೂ ಇರಲಿಲ್ಲ. ಲಕ್ಷ್ಮಿಕಾಂತ ಆ ಒಂದು ಸಾಲಿಗಾಗಿ ಮತ್ತೆ ಬರೆಯಬೇಕೆಂದು ಕುದಿದ. “ಸಾಕು ಬಿಡ್ರಿ” ಎಂದಳು ಗಂಗಾ, “ನೀವು ಒಂದೇ ಏಟಿಗೆ ರೊಕ್ಕ ಕೊಟ್ಟೀನಿ ಅಂದದ್ದಕ್ಕ ನಾ ಏನ್ ಕಾಗದ ಬರಸ್ಕೊಂಡೀನಿ?” ಅವನು ಕುದಿಯುವುದನ್ನು ನಿಲ್ಲಿಸಿದ. ಕಾಗದ ಅವಳ ನೋಟ್‌ಬುಕ್ಕಿಗೆ ಸ್ಟೇಪಲ್ ಆಯಿತು, ಆಂಜನಮ್ಮನ ನೇರಳೆ ಫಾಲಿನ ಚೂರಿನ ಹಿಂದಿನ ಪುಟದಲ್ಲಿ.

ಮುಂದಿನ ರಜೆಯ ದಿನ ಅವನು ಷಟರಿನೊಳಗೆ ಕೂತು ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದ. ಹೊರಗೆ ಆಟೋ ನಿಂತಿತು.

“ಎಕ್ಸ್‌ಕ್ಯೂಸ್ ಮಿ, ಇದು ಆಂಜನಮ್ಮ ಅವ್ರ ಮನೇನಾ?”

ಆ ಧ್ವನಿ. ಹದಿನೆಂಟು ಸಾವಿರದ ಮುನ್ನೂರ ನಲವತ್ತು ಎಂದಿದ್ದ ಧ್ವನಿ.

ಲಕ್ಷ್ಮಿಕಾಂತ ಯೋಚಿಸಲಿಲ್ಲ. ಕಾಲುಗಳೇ ಯೋಚಿಸಿದವು. ಮುಂದಿನ ಕ್ಷಣ ಅವನು ಫಾಲಿನ ಕಟ್ಟುಗಳ ಹಿಂದೆ, ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು ಕೂತಿದ್ದ.

ಹೊರಗೆ ಆಂಜನಮ್ಮ ಜಗಲಿಯಿಂದ ಧಡಧಡ ಇಳಿದು ಬಂದ ಸದ್ದು. “ಕಾವೇರಿಯೇನವ್ವಾ? ಊಟ ಆಯ್ತಾ?”

“ಇಲ್ಲ ಅಜ್ಜೀ. ನಿಮ್ಮನೇಲೇ ಮಾಡೋಣ ಅಂತ ಬಂದೆ. ಹಬ್ಬಕ್ಕೆ ರಜ ಸಿಗ್ಲಿಲ್ಲ. ಅಮ್ಮನ ಒಂದು ಸೀರೆ ಇದೆ, ಇಲ್ಲಿ ಕೈಯಲ್ಲಿ ಫಾಲ್ ಹಾಕ್ತಾರಂತ ಬೋರ್ಡಿದೆಯಲ್ಲ… ಲಕ್ಷ್ಮಿಕಾಂತ ಅವ್ರು ಇದ್ದಾರಾ?”

“ಡ್ಯೂಟಿಗೋಗವ್ನೆ” ಎಂದಳು ಆಂಜನಮ್ಮ. ಐದು ತಿಂಗಳ ಅಭ್ಯಾಸ.

ಗಂಗಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕಟ್ಟುಗಳ ಮೇಲಿನಿಂದ ಬಗ್ಗಿ ನೋಡಿದಳು. ಗಂಡನ ತಲೆಯ ಮೇಲೆ ಮೆಂತ್ಯದ ಹಸಿರಿನ ಫಾಲೊಂದು ಬಿಚ್ಚಿಕೊಂಡು ಬಿದ್ದಿತ್ತು. ಅದನ್ನು ಮೆಲ್ಲಗೆ ಎತ್ತಿ ಸುತ್ತುತ್ತಾ, ಮಗುವಿಗೆ ಹೇಳುವಂತೆ ಸಣ್ಣ ದನಿಯಲ್ಲಿ ಹೇಳಿದಳು:

“ಹೊರಗ ಬರ್ರಿ. ನಿಮ್ಮದೇನೂ ಬಾಕಿ ಇಲ್ಲ.”